ಕೆಂಪು ಚೀಲದೊಳಗಿನ ಕರಡಿಗೆ

ಚೀನಾದ ಮಹಾಗೋಡೆಯನ್ನು ನಾನು ನಲವತ್ತಕ್ಕೂ ಹೆಚ್ಚು ಸಲ ಹತ್ತಿದ್ದೇನೆ. ನೋಡಿದ್ದು ಮೂರು ಸಲವೋ ನಾಲ್ಕು ಸಲವೋ ಇರಬೇಕು. ಉಳಿದಷ್ಟೂ ಸಲ ನಾನು ನೋಡಿದ್ದು ನನ್ನ ಮುಂದೆ ಹತ್ತುತ್ತಿದ್ದವರ ಬೆನ್ನು, ಅವರ ಮೊಣಕಾಲು, ಅವರ ಕೈಯ ನೀರಿನ ಬಾಟಲಿ. ಹದಿನೆಂಟು ಜನರಿದ್ದಾರೋ ಹದಿನೇಳೋ ಎಂದು ಎಣಿಸುತ್ತ ಹತ್ತುವವಳಿಗೆ ಗೋಡೆ ಯಾವ ಕಾಲದ್ದಾದರೇನು?

ಈ ಟೂರ್ ಲೀಡರ್ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಈಗಲೂ ಸಿಂಗಪುರದ ಟೋವಾ ಪಾಯೋದ ನಮ್ಮ ಮನೆಗೆ ಬಂದು ಕೂರುತ್ತಾರೆ. "ಆಂಟಿ, ನೀವು ಲಕ್ಕಿ. ಫ್ರೀಯಾಗಿ ಇಡೀ ಚೀನಾ ನೋಡಿಬಿಟ್ರಿ" ಎನ್ನುತ್ತಾರೆ. ನಾನು ಚಹಾ ಕೊಟ್ಟು, ಯಾವ ಗುಹಾದೇವಾಲಯದಲ್ಲಿ ಎಷ್ಟು ಮೆಟ್ಟಿಲ ಮೇಲೆ ಶೌಚಾಲಯವಿದೆ ಎಂದು ಹೇಳಲು ಶುರುಮಾಡುತ್ತೇನೆ. ಅವರ ಮುಖ ಸಣ್ಣದಾಗುತ್ತದೆ. ಆದರೂ ಬರೆದುಕೊಳ್ಳಿ ಎನ್ನುತ್ತೇನೆ. ಬುದ್ಧನ ಎತ್ತರವನ್ನು ಯಾರು ಬೇಕಾದರೂ ಫೋನಿನಲ್ಲಿ ಹುಡುಕಿಕೊಳ್ಳುತ್ತಾರೆ, ಇದನ್ನು ಹೇಳುವವರು ಸಿಗುವುದಿಲ್ಲ.

ನಾನು ಗದಗಿನವಳು. ಗಂಡನಿಗೆ ಜುರಾಂಗ್ ಐಲ್ಯಾಂಡಿನ ಕಾರ್ಖಾನೆಯಲ್ಲಿ ಕೆಲಸ. ಬೆಳಿಗ್ಗೆ ಕಂಪನಿ ಬಸ್ಸು ಹತ್ತಿದರೆ ಸಂಜೆಯೇ ಬರುತ್ತಿದ್ದರು. ಮಗಳು ಶಾಲೆಗೆ ಹೋದಮೇಲೆ ಹೊತ್ತು ಹೋಗದೆ ಕಮ್ಯುನಿಟಿ ಕ್ಲಬ್ಬಿನ ಮ್ಯಾಂಡರಿನ್ ಕ್ಲಾಸಿಗೆ ಸೇರಿದೆ. ಎರಡೇ ವರ್ಷಕ್ಕೆ ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡುವಷ್ಟು ಮಾತು ಬಂತು. ನಮ್ಮ ಬ್ಲಾಕಿನ ಹತ್ತಿರವೇ ಬೇಕರಿಯ ಮೇಲೆ ಒಂದು ಪುಟ್ಟ ಟೂರ್ ಆಫೀಸಿತ್ತು. ಅದರ ಒಡತಿ ಮೇಡಂ ಕ್ವೆಕ್. ಭಾರತೀಯರ ಗುಂಪನ್ನು ಚೀನಾಕ್ಕೆ ಕರೆದೊಯ್ಯಲು ಅವರ ಲೀಡರುಗಳು ಯಾರೂ ಒಪ್ಪುತ್ತಿರಲಿಲ್ಲ. ಊಟದ ರಗಳೆ ಯಾರಿಗೆ ಬೇಕು? ಮೇಡಂ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಈರುಳ್ಳಿ ತಿನ್ನದವರು, ಬೇರು ತಿನ್ನದವರು, ಸೋಮವಾರ ತಿನ್ನದವರು, ಇವರನ್ನೆಲ್ಲ ಒಂದೇ ಟೇಬಲ್ಲಿಗೆ ಕೂರಿಸ್ತೀಯಾ?" ಕೂರಿಸ್ತೀನಿ ಎಂದೆ. ಇಪ್ಪತ್ತೆರಡು ವರ್ಷ ಕೂರಿಸಿದೆ.

ಮೇಡಂ ಕಲಿಸಿದ ಪಾಠವೂ ಹೆಚ್ಚೇನಲ್ಲ. "ಹೆಡ್ ಕೌಂಟ್ ಫಸ್ಟ್, ಸೀನರಿ ಲೇಟರ್ ಲಾ." ಅವರು ಹೊಗಳಿದ್ದು ನನಗೆ ನೆನಪಿಲ್ಲ. ಬೈದದ್ದೆಲ್ಲ ನೆನಪಿದೆ, ಹೆಚ್ಚಿನವು ನ್ಯಾಯವಾದ ಬೈಗುಳಗಳೇ.

ಮೊದಲ ಬೈಗುಳ ಮೀನಿನದು. ಬೌದ್ಧ ಗುಡಿಗಳ ಅಡುಗೆಮನೆಯಲ್ಲಿ ಈರುಳ್ಳಿ ಬೆಳ್ಳುಳ್ಳಿ ಕೂಡ ಹಾಕುವುದಿಲ್ಲ. ಇದನ್ನು ನಾನೇ ಕಂಡುಹಿಡಿದಂತೆ ಬೀಗುತ್ತ ಇಪ್ಪತ್ತು ಜನರನ್ನು ಹಾಂಗ್‌ಝೌನ ಒಂದು ಗುಡಿಯ ಪಕ್ಕದ ಊಟದ ಮನೆಗೆ ಕರೆದೊಯ್ದೆ. ಬಸ್ಸಿನಲ್ಲಿ ದೊಡ್ಡ ಭಾಷಣವನ್ನೂ ಬಿಗಿದಿದ್ದೆ: ಇವತ್ತು ಯಾರೂ ಏನನ್ನೂ ಕೇಳಬೇಕಿಲ್ಲ, ಕಣ್ಣು ಮುಚ್ಚಿಕೊಂಡು ತಿನ್ನಿ. ಮೊದಲ ತಟ್ಟೆ ಬಂತು. ತಲೆ, ಬಾಲ, ಮೈಮೇಲೆ ಹುರುಪೆ, ಎಲ್ಲ ಇರುವ ಇಡೀ ಮೀನು. ಸೋಯಾ ಹಾಲಿನ ಕೆನೆಯಿಂದ ಮಾಡಿದ್ದು. ಸಸ್ಯಾಹಾರವನ್ನು ಮೀನು, ಬಾತುಕೋಳಿಗಳ ಆಕಾರದಲ್ಲಿ ಮಾಡಿ ಬಡಿಸುವುದು ಅಲ್ಲಿನ ಬಾಣಸಿಗರ ಹೆಚ್ಚುಗಾರಿಕೆ. ನನಗೆ ಗೊತ್ತಿರಲಿಲ್ಲ. ಮೈಸೂರಿನ ನಿವೃತ್ತ ಮೇಷ್ಟ್ರೊಬ್ಬರು ಎದ್ದು ನಿಂತರು.

"ಏನ್ ಮೇಡಂ ಇದು? ಪ್ಯೂರ್ ವೆಜ್ ಅಂದ್ರಿ. ಇದಕ್ಕೆ ಕಣ್ಣಿದೆ!"

"ಸರ್, ಅದು ಬಟಾಣಿ."

"ಬಟಾಣಿ ನನ್ನನ್ನ ಹಾಗೆ ನೋಡಲ್ಲ."

ಇಪ್ಪತ್ತು ಜನರೂ ಎದ್ದರು. ಅಡುಗೆಯವನು ಹೊರಗೆ ಬಂದು ಪಾಪ, ಅಳುವಂತೆ ನಿಂತ. ನಾನು ಒಳಗೆ ಹೋಗಿ ಅವನ ಕೈಕಾಲು ಹಿಡಿದು, ಅದೇ ಪದಾರ್ಥಗಳನ್ನು ಚೌಕಚೌಕವಾಗಿ ಕತ್ತರಿಸಿ ಹೊಸದಾಗಿ ಮಾಡಿಸಿದೆ. ಅದೇ ರುಚಿ, ಅದೇ ಸಾರು. ಮೇಷ್ಟ್ರು ಎರಡು ಸಲ ಹಾಕಿಸಿಕೊಂಡರು. ಸಿಂಗಪುರಕ್ಕೆ ಮರಳಿದ ಮೇಲೆ ಮೇಡಂ ಕೈಲಿ ಬೈಸಿಕೊಂಡೆ. ಅಂದಿನಿಂದ ಯಾವ ಅಡುಗೆಮನೆಗೆ ಹೋದರೂ ಮೊದಲು ಆಕಾರ ಕೇಳುತ್ತೇನೆ, ಆಮೇಲೆ ಪದಾರ್ಥ.

ಕೆಲಸದ ಪದ್ಧತಿ ನನ್ನ ಕಣ್ಣೆದುರಿಗೇ ಬದಲಾಯಿತು. ಆರಂಭದಲ್ಲಿ ಪ್ರತಿಯೊಬ್ಬರ ಜೇಬಿಗೂ ಚೀನೀ ಅಕ್ಷರದ ಒಂದು ಚೀಟಿ ಹಾಕುತ್ತಿದ್ದೆವು: ನಾನು ದಾರಿ ತಪ್ಪಿದ್ದೇನೆ, ದಯವಿಟ್ಟು ಈ ಹೋಟೆಲಿಗೆ ತಲುಪಿಸಿ. ಆಮೇಲೆ ಫೋನು ಬಂದು ಎಲ್ಲರೂ ಪಂಡಿತರಾದರು. ಹುವಾಂಗ್‌ಶಾನ್ ಬೆಟ್ಟದ ತಪ್ಪಲಿನ ಹಳೆಯ ಹಳ್ಳಿಯೊಂದರಲ್ಲಿ ನಮ್ಮ ಗುಂಪಿನ ಇಬ್ಬರು ತೆರೆದ ಬಾಗಿಲು ಕಂಡು ಮ್ಯೂಸಿಯಂ ಎಂದುಕೊಂಡು ಒಳಗೆ ಹೋಗಿ, ಮಂಚದ ಮೇಲೆ ಮಲಗಿದ್ದ ಅಜ್ಜಿಯ ಫೋಟೋ ತೆಗೆದಿದ್ದರು. ಫೋನಿನ ಆ್ಯಪ್ ಹಿಡಿದು ಕ್ಷಮೆ ಕೇಳಲು ಹೋದರೆ ಅದು ಏನನ್ನು ಒದರಿತೋ, ಅಜ್ಜಿ ಪೊರಕೆ ಎತ್ತಿಕೊಂಡಳು. ನಾನು ಓಡಿಹೋಗಿ ಆಕೆಯ ಅಂಗಳದಲ್ಲಿ ಒಣಹಾಕಿದ್ದ ಮೆಣಸಿನಕಾಯಿಯನ್ನು ಹೊಗಳಿದೆ. ಪೊರಕೆ ಇಳಿಯಿತು. ನಮ್ಮ ಕಡೆ ಬ್ಯಾಡಗಿ ಮೆಣಸಿನಕಾಯಿ ಹೀಗೇ ಒಣಗಿಸುತ್ತಾರೆ ಎಂದು ಹೇಳಿದ್ದು ಆಕೆಗೆ ಎಷ್ಟು ತಿಳಿಯಿತೋ, ಒಂದು ಮುಷ್ಟಿ ಕಟ್ಟಿಕೊಟ್ಟಳು. ಹಳ್ಳಿ ನೋಡಲು ಹೋದವರು ಅದು ಯಾರದೋ ಮನೆ ಎಂಬುದನ್ನು ಮರೆಯಬಾರದು, ಅಷ್ಟೇ.

ಬೆಟ್ಟದ ಮೇಲೆ ಮಂಜು ಮುಸುಕಿ ಎರಡು ದಿನ ಏನೂ ಕಾಣದೆ ಬೈಸಿಕೊಂಡದ್ದಿದೆ. ಲೀ ನದಿಯ ದೋಣಿಯಲ್ಲಿ ಯಾರೋ ನಿದ್ದೆ ಹೋಗಿ, ಎದ್ದಮೇಲೆ "ಬೆಟ್ಟಗಳು ಎಲ್ಲಿ ಹೋದವು?" ಎಂದು ನನ್ನ ಮೇಲೆ ರೇಗಿದ್ದಿದೆ. ಇವೆಲ್ಲ ನಗುವ ವಿಷಯಗಳು. ನನಗೆ ಕೆಲಸ ಗೊತ್ತಿತ್ತು, ನನಗೆ ಗೊತ್ತಿದೆ ಎಂಬುದೂ ನನಗೆ ಗೊತ್ತಿತ್ತು. ಆ ಧೈರ್ಯದಲ್ಲೇ ನಾನು ಮಾಡಿದ ದೊಡ್ಡ ತಪ್ಪಿನ ಕಥೆಯನ್ನು ಈಗ ಹೇಳಬೇಕು.

ಅದು ಫುಜಿಯಾನ್ ಪ್ರಾಂತ್ಯದ ಪ್ರವಾಸ. ಸಿಂಗಪುರದ ಹೊಕ್ಕಿಯೆನ್ ಮಾತಾಡುವ ಚೀನೀ ಮನೆತನಗಳಲ್ಲಿ ಬಹಳಷ್ಟರ ಮೂಲ ಅಲ್ಲೇ. ಅಲ್ಲಿನ ಕ್ವಾನ್‌ಝೌ ಎಂಬ ಹಳೆಯ ಬಂದರಿನಲ್ಲಿ ಒಂದು ಕಾಲಕ್ಕೆ ತಮಿಳು ವ್ಯಾಪಾರಿಗಳು ಕಟ್ಟಿಸಿದ್ದ ಶಿವಾಲಯದ ಕಲ್ಲುಗಳಿವೆ ಎಂದು ನಾನೇ ಓದಿ, ಮೇಡಂ ಅವರಿಗೆ ಹೇಳಿ, ನಮ್ಮವರಿಗಾಗಿ ಆ ಮಾರ್ಗ ಹಾಕಿಸಿದ್ದೆ. ಪ್ರವಾಸಿಗಳಿಗೆಲ್ಲ ಒಂದೇ ಥರದ ಪುಟ್ಟ ಕೆಂಪು ಚೀಲ ಕೊಡುವುದು ಕೂಡ ನನ್ನದೇ ಯೋಜನೆ. ದೂರದಿಂದ ನಮ್ಮವರನ್ನು ಗುರುತಿಸಲು ಸುಲಭ. ಮೇಡಂ ಅದನ್ನು ಆಫೀಸಿನ ಎಲ್ಲ ಗುಂಪುಗಳಿಗೂ ಜಾರಿ ಮಾಡಿದ್ದರು.

ಆ ಗುಂಪಿನಲ್ಲಿ ನೀಲವ್ವ ಇದ್ದರು. ಬಾಗಲಕೋಟೆಯವರು, ಎಪ್ಪತ್ನಾಲ್ಕು ವರ್ಷ. ವುಡ್‌ಲ್ಯಾಂಡ್ಸ್‌ನಲ್ಲಿದ್ದ ಮಗ ಮಹಾಂತೇಶನ ಮನೆಗೆ ಮೂರು ತಿಂಗಳಿಗೆಂದು ಬಂದವರು ಮಗ ಸೊಸೆಯ ಜೊತೆ ಪ್ರವಾಸಕ್ಕೂ ಹೊರಟಿದ್ದರು. ಚೀಲದ ತುಂಬ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಕೊರಳಿನಲ್ಲಿ ಶಿವದಾರ, ಅದರ ತುದಿಗೆ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ಲಿಂಗವನ್ನು ಎಡಗೈಯಲ್ಲಿಟ್ಟು ಪೂಜೆ ಮಾಡದೆ ಗುಟುಕು ನೀರೂ ಕುಡಿಯುತ್ತಿರಲಿಲ್ಲ. ಚಾಂಗಿ ವಿಮಾನ ನಿಲ್ದಾಣದಲ್ಲಿ ಮಹಿಳಾ ಅಧಿಕಾರಿಯೊಬ್ಬರು ಪಕ್ಕದ ಕೋಣೆಗೆ ಕರೆದೊಯ್ದು, ದೂರದಿಂದ ನೋಡಿ, ಕೈ ಮುಗಿದು ಕಳಿಸಿದ್ದರು. ಐದು ನಿಮಿಷದ ಕೆಲಸ.

ವಿಮಾನ ಇಳಿದಿದ್ದ ಶಿಯಾಮೆನ್‌ನಿಂದ ಕ್ವಾನ್‌ಝೌಗೆ ಹೊರಡುವ ಬೆಳಿಗ್ಗೆ ಆ ಐದು ನಿಮಿಷ ನನ್ನ ಬಳಿ ಇರಲಿಲ್ಲ. ಸ್ಟೇಷನ್ನಿಗೆ ಬರುವ ದಾರಿಯಲ್ಲಿ ಬಸ್ಸು ತಡವಾಗಿತ್ತು. ರೈಲು ಹೊರಡಲು ಹದಿನಾಲ್ಕು ನಿಮಿಷ. ತಪಾಸಣೆಯ ಹುಡುಗಿ ಕೈಯ ಯಂತ್ರವನ್ನು ನೀಲವ್ವನ ಎದೆಯ ಹತ್ತಿರ ತಂದಳು, ಅದು ಬೀಪ್ ಎಂದಿತು. ತೆರೆದು ತೋರಿಸಿ ಎಂದು ಕೈ ಚಾಚಿದಳು. ನೀಲವ್ವ ಎರಡು ಹೆಜ್ಜೆ ಹಿಂದೆ ಸರಿದರು.

"ಮುಟ್ಟಬ್ಯಾಡ ಅಂತ ಹೇಳವ್ವ ಆಕಿಗೆ."

ಹಿಂದೆ ಸಾಲು ಬೆಳೆಯುತ್ತಿತ್ತು. ಪಕ್ಕದ ಸಾಲಿನಲ್ಲಿ ನಮ್ಮ ಆಫೀಸಿನದೇ ಇನ್ನೊಂದು ಗುಂಪು, ರೇಮಂಡ್ ಎಂಬ ಲೀಡರ್ ಕರೆತಂದಿದ್ದ ಸಿಂಗಪುರದ ಚೀನೀ ಹಿರಿಯರು, ಸಲೀಸಾಗಿ ದಾಟುತ್ತಿದ್ದರು. ಕೋಣೆ ಕೇಳಬಹುದಿತ್ತು. ಮೇಲಧಿಕಾರಿಯನ್ನು ಕರೆಸಬಹುದಿತ್ತು. ನಾನು ಗಡಿಯಾರ ನೋಡಿದೆ.

"ಆಂಟಿ, ಬಿಚ್ಚಿ ನನ್ನ ಚೀಲದಾಗ ಹಾಕ್ರಿ. ಯಾರೂ ಮುಟ್ಟಂಗಿಲ್ಲ. ಆ ಕಡೆ ಹೋದ ಮ್ಯಾಲ ಕೊಡ್ತೀನಿ."

"ಮೈಮ್ಯಾಲಿಂದ ತಗಿಯಂಗಿಲ್ಲವ್ವ ಅದನ್ನ."

"ನನ್ನ ಮ್ಯಾಲ ನಂಬಿಕಿ ಇಡ್ರಿ. ಒಂದ್ ನಿಮಿಷದ ಮಾತು."

ಅವರು ನನ್ನ ಮುಖ ನೋಡಿದರು. ನಂಬಿದರು. ದಾರವನ್ನು ತಲೆಯ ಮೇಲಿಂದ ತೆಗೆದು, ಕಣ್ಣಿಗೊತ್ತಿಕೊಂಡು, ನನ್ನ ಕೆಂಪು ಚೀಲದೊಳಗೆ ಇಳಿಸಿದರು. ಚೀಲ ಯಂತ್ರದೊಳಗೆ ಹೋಯಿತು. ಆ ಕಡೆ ನಾನು ಒಂದು ಕೆಂಪು ಚೀಲ ಎತ್ತಿಕೊಂಡೆ, ತಲೆ ಎಣಿಸಿದೆ, ಹದಿನೆಂಟು, ಓಡಿ ಎಂದೆ. ಎಲ್ಲರೂ ರೈಲು ಹತ್ತಿದರು. ರೈಲು ಹೊರಟಿತು. ನನಗೆ ನನ್ನ ಬಗ್ಗೆಯೇ ಮೆಚ್ಚುಗೆಯಾಯಿತು.

ನೀಲವ್ವ ಕೈ ಚಾಚಿದರು. ಚೀಲ ತೆರೆದರೆ ಒಳಗೆ ಒಂದು ನೋವಿನ ಎಣ್ಣೆಯ ಬಾಟಲಿ, ಒಂದು ಪ್ಲಾಸ್ಟಿಕ್ ಡಬ್ಬಿ. ಡಬ್ಬಿಯೊಳಗೆ ಯಾರದೋ ಹಲ್ಲಿನ ಸೆಟ್ಟು.

ಯಾರೂ ನಗಲಿಲ್ಲ. ನೀಲವ್ವ ಆ ಹಲ್ಲುಗಳನ್ನು ನೋಡಿದರು, ನನ್ನನ್ನು ನೋಡಿದರು, ಬರಿದಾದ ಎದೆಯ ಮೇಲೆ ಕೈ ಇಟ್ಟುಕೊಂಡು ಕಿಟಕಿಯ ಕಡೆ ತಿರುಗಿದರು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಚೀಲ ಅದಲುಬದಲಾದದ್ದು ರೇಮಂಡ್‌ನ ಗುಂಪಿನ ಜೊತೆಗೇ ಇರಬೇಕು. ಅವನಿಗೆ ಫೋನ್ ಮೇಲೆ ಫೋನ್ ಮಾಡಿದೆ. ಅವರ ರೈಲು ನಮಗೆ ವಿರುದ್ಧ ದಿಕ್ಕಿಗೆ, ಬೆಟ್ಟಗಳ ನಡುವೆ ಮಣ್ಣಿನ ದುಂಡು ಕೋಟೆಮನೆಗಳಿರುವ ಹಳ್ಳಿಯ ಕಡೆ ಹೋಗಿತ್ತು. ಫೋನು ಸಿಕ್ಕಿದ್ದು ಮಧ್ಯಾಹ್ನ ಮೂರಕ್ಕೆ. ಚೀಲ ಕೋ ಎಂಬ ಎಂಬತ್ತು ವರ್ಷದ ಅಂಕಲ್ ಬಳಿ ಇದೆ ಎಂದ. ಬೆಟ್ಟದಿಂದ ಇಳಿಯುವ ಬಸ್ಸು ಮಾತ್ರ ಇನ್ನು ನಾಳೆ ಬೆಳಿಗ್ಗೆಯೇ.

ಮೇಡಂ ಕ್ವೆಕ್‌ಗೆ ಹೇಳದೆ ಇರುವ ಹಾಗಿರಲಿಲ್ಲ. ಅವರು ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಕೇಳಿದರು: "ಬಿಚ್ಚಲು ಹೇಳಿದವರು ಯಾರು?" ನಾನೇ ಎಂದೆ. "ಹಾಗಾದರೆ ಅಲ್ಲಿನ ಗೈಡ್ ಗುಂಪನ್ನು ನೋಡಿಕೊಳ್ಳಲಿ. ನೀನು ಆ ಅಮ್ಮನ ಪಕ್ಕದಿಂದ ಏಳಬೇಡ." ಕೆಲಸದಿಂದ ತೆಗೆಯುತ್ತೇನೆ ಎಂದಿದ್ದರೂ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ನೀಲವ್ವ ಬೆಳಿಗ್ಗೆ ಏಳಕ್ಕೆ ತಿಂದ ರೊಟ್ಟಿಯೇ ಕೊನೆ. ಲಿಂಗ ಮೈಮೇಲೆ ಬರುವವರೆಗೆ ನೀರೂ ಇಲ್ಲ. ಹೊರಗೆ ಬೇಸಿಗೆಯ ಬಿಸಿಲು. ಮಹಾಂತೇಶ ನನ್ನನ್ನು ಪಕ್ಕಕ್ಕೆ ಕರೆದ.

"ಮೇಡಂ, ಅವ್ವನಿಗೆ ಶುಗರ್ ಇದೆ. ನಾಳೆವರೆಗೂ ನೀರು ಕುಡೀದೆ ಇದ್ರೆ ಏನ್ ಗತಿ? ನೀವೇ ಏನಾದ್ರೂ ಹೇಳಿ ಒಪ್ಪಿಸಿ."

ಬೆಳಿಗ್ಗೆ ಹೇಳಿ ಒಪ್ಪಿಸಿದ್ದರ ಫಲವೇ ಇದು. ಆದರೂ ಪ್ರಯತ್ನಪಟ್ಟೆವು. ವಸ್ತುಸಂಗ್ರಹಾಲಯದಲ್ಲಿ ಆ ಹಳೆಯ ಶಿವಾಲಯದ ಕಲ್ಲುಗಳಿದ್ದವು. ಒಂದರ ಮೇಲೆ ಆನೆಯೊಂದು ಸೊಂಡಿಲು ಎತ್ತಿ ಲಿಂಗಕ್ಕೆ ಹೂವು ಅರ್ಪಿಸುತ್ತಿದೆ. ಇದನ್ನು ತೋರಿಸಲೆಂದೇ ನಾನು ಈ ಮಾರ್ಗ ಹಾಕಿಸಿದ್ದು. ಮಹಾಂತೇಶ ತಾಯಿಯ ಭುಜ ಹಿಡಿದುಕೊಂಡ.

"ಅವ್ವಾ, ನೋಡಿಲ್ಲಿ, ಇಲ್ಲೂ ಲಿಂಗ ಐತಿ. ಇದಕ್ಕ ಕೈ ಮುಗದು ಒಂದ್ ಗುಟುಕು ನೀರು ಕುಡಿ."

ನೀಲವ್ವ ಬಹಳ ಹೊತ್ತು ಆ ಕಲ್ಲನ್ನು ನೋಡಿದರು. ಆನೆಯನ್ನು ನೋಡಿ ಮುಖ ಅರಳಿತು ಕೂಡ. ಕೈ ಮುಗಿದರು.

"ಛಂದ ಐತಪ್ಪ. ಆದ್ರ ಇದು ಊರ ಮಂದಿದು. ನಂದು ನನ್ನ ಗುರುಗಳು ನನ್ನ ಅಂಗೈಯಾಗ ಕೊಟ್ಟಿದ್ದು. ಆನಿಗೆ ಅದರ ಲಿಂಗ ಐತಿ, ನನಗ ನಂದು ಬೇಕು."

ಅಲ್ಲಿಗೆ ಮಾತು ಮುಗಿಯಿತು. ಹೋಟೆಲಿಗೆ ಬಂದು ಅವರ ಕೋಣೆಯಲ್ಲೇ ಕುರ್ಚಿ ಹಾಕಿಕೊಂಡು ಕುಳಿತೆ. ಒದ್ದೆ ಬಟ್ಟೆಯಿಂದ ತುಟಿ ಒರೆಸಲು ಹೋದರೆ ಅದೂ ಬೇಡ ಎಂದರು. ಸಂಜೆ ಸಕ್ಕರೆ ಪರೀಕ್ಷಿಸಲು ಬಂದ ವೈದ್ಯೆ, ಸದ್ಯಕ್ಕೆ ತೊಂದರೆಯಿಲ್ಲ, ನಾಳೆ ಮಧ್ಯಾಹ್ನ ದಾಟಿದರೆ ಆಸ್ಪತ್ರೆಗೆ ಸೇರಿಸಲೇಬೇಕು ಎಂದು ಹೇಳಿ ಹೋದರು. ನನಗೆ ಭಯವಾಯಿತು. ಆಕೆಗೆ ಏನಾದರೂ ಆದರೆ ಎನ್ನುವ ಭಯ ಒಂದು. ಅದಕ್ಕಿಂತ ಹೆಚ್ಚಿನದು ಇನ್ನೊಂದು: ಚೀಲ ತೆರೆದ ಆ ಮುದುಕ ಇದೇನೋ ಕಪ್ಪು ಉಂಡೆ ಎಂದು ಉರುಳಿಸಿ, ನೆಲಕ್ಕೆ ಹಾಕಿ, ಮಕ್ಕಳ ಕೈಗೆ ಕೊಟ್ಟು, ಏನೇನು ಮಾಡಿರುತ್ತಾನೋ! ಲಿಂಗ ಬಂದರೂ ನೀಲವ್ವ ಅದನ್ನು ಮತ್ತೆ ಧರಿಸುತ್ತಾರೋ ಇಲ್ಲವೋ ನನಗೆ ತಿಳಿಯದಾಗಿತ್ತು.

ಮರುದಿನ ಹನ್ನೊಂದು ಗಂಟೆಗೆ ಸ್ಟೇಷನ್ನಿನಲ್ಲಿ ನಿಂತಿದ್ದೆವು. ನೀಲವ್ವನಿಗೆ ಗಾಲಿಕುರ್ಚಿ ತರಿಸಿದ್ದೆ. ಯಾರೋ ಗೈಡ್ ಚೀಲ ತರುತ್ತಾನೆ ಎಂದುಕೊಂಡಿದ್ದರೆ ರೈಲಿನಿಂದ ಇಳಿದದ್ದು ಕೋ ಅಂಕಲ್ ಸ್ವತಃ. ಅರ್ಧ ಚಡ್ಡಿ, ಕುತ್ತಿಗೆವರೆಗೂ ಗುಂಡಿ ಹಾಕಿದ ಬಿಳಿ ಅಂಗಿ, ಬೊಚ್ಚು ಬಾಯಿ. ಕೈಯಲ್ಲಿ ಚೀಲವಿರಲಿಲ್ಲ.

ಅವರು ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿದರು. ಕರಡಿಗೆ ಅವರ ಕೊರಳಿನಲ್ಲಿತ್ತು.

"ತೆರೆದಿಲ್ಲ. ದಾರ ಮಾತ್ರ ಹಿಡಿದದ್ದು" ಎಂದರು ಮ್ಯಾಂಡರಿನ್‌ನಲ್ಲಿ. ಹಲ್ಲಿಲ್ಲದ ಬಾಯಿಯ ಮಾತನ್ನು ಹಿಡಿಯಲು ನಾನು ಕಷ್ಟಪಡಬೇಕಾಯಿತು. "ದಾರಕ್ಕೆ ಬೂದಿ ಮೆತ್ತಿತ್ತು. ಯಾರದೋ ದೇವರು ಅಂತ ಗೊತ್ತಾಯಿತು. ನಮ್ಮ ಅಜ್ಜಿ ಈ ಕಡೆಯವಳೇ. ಸಿಂಗಪುರಕ್ಕೆ ಹಡಗು ಹತ್ತುವಾಗ ಊರ ಗುಡಿಯ ಊದುಬತ್ತಿಯ ಬೂದಿಯನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡು ಬಂದಳು. ಸಾಯುವವರೆಗೂ ತೆಗೆಯಲಿಲ್ಲ. ದೇವರನ್ನು ಲಗೇಜಿನಲ್ಲಿ ಹಾಕಬಾರದು ಲಾ. ರೇಮಂಡ್ ಕೊರಿಯರ್ ಮಾಡೋಣ ಅಂದ. ಹುಚ್ಚ."

ಅಷ್ಟು ಹೇಳಿ ಗಾಲಿಕುರ್ಚಿಯ ಮುಂದೆ ಸೊಂಟ ಬಗ್ಗಿಸಿ ತಲೆ ತಗ್ಗಿಸಿದರು. ತಾವು ಮತ್ತೆ ಮುಟ್ಟದೆ, ನೀಲವ್ವನೇ ತೆಗೆದುಕೊಳ್ಳಲಿ ಎಂದು. ನೀಲವ್ವ ಎರಡೂ ಕೈಗಳಿಂದ ದಾರ ಎತ್ತಿ, ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು, ಕೊರಳಿಗೆ ಹಾಕಿಕೊಂಡರು. ನಾನು ಅಂಕಲ್ ಹೇಳಿದ್ದನ್ನೆಲ್ಲ ಕನ್ನಡದಲ್ಲಿ ಹೇಳಿದೆ. ಹೇಳುತ್ತ ಹೇಳುತ್ತ ನನಗೆ ಅಳು ಬಂತು. ಆಮೇಲೆ ಧೈರ್ಯಮಾಡಿ ಕೇಳಿದೆ.

"ಅವ್ವಾರ, ಬ್ಯಾರೆಯವರ ಕೊಳ್ಳಾಗ ಒಂದಿನ ಇತ್ತಲ್ಲ. ನಡೀತದೇನ್ರಿ?"

"ಎದಿ ಮ್ಯಾಲ ಇತ್ತವ್ವ, ಚೀಲದಾಗ ಬಿದ್ದಿರಲಿಲ್ಲ. ಅವರು ಊಟ ಮಾಡ್ಯಾರೇನು ಕೇಳು."

ಕೇಳಿದೆ. ನಿನ್ನೆಯಿಂದ ಬರೀ ಗಂಜಿ ಎಂದರು. ಹಲ್ಲು ನನ್ನ ಬಳಿ ಇತ್ತಲ್ಲ! ಡಬ್ಬಿ ತೆಗೆದು ಕೊಟ್ಟೆ. ಇಪ್ಪತ್ತಾರು ಗಂಟೆಗಳ ಮೇಲೆ ಆಗ ಎಲ್ಲರೂ ನಕ್ಕೆವು.

ಸ್ಟೇಷನ್ನಿನ ತಾಯಿಮಕ್ಕಳ ಕೋಣೆಯಲ್ಲಿ ನೀಲವ್ವ ಕೈಕಾಲು ಮುಖ ತೊಳೆದು, ವಿಭೂತಿ ಹಚ್ಚಿಕೊಂಡು, ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡಿದರು. ಕೋ ಅಂಕಲ್ ಬಾಗಿಲ ಹೊರಗೆ ನಿಂತು ಯಾರೂ ಒಳಗೆ ಹೋಗದಂತೆ ನೋಡಿಕೊಂಡರು. ಆಮೇಲೆ ನೀಲವ್ವ ನೀರು ಕುಡಿದರು. ಮಹಾಂತೇಶ ತಾಯಿಯ ಕಾಲ ಬಳಿಯೇ ಕುಸಿದು ಕುಳಿತ. ಬೆಂಚಿನ ಮೇಲೆ ಬುತ್ತಿ ಬಿಚ್ಚಿದರು. ಕೋ ಅಂಕಲ್ ಹಲ್ಲು ಹಾಕಿಕೊಂಡು ಕಡಕ್ ರೊಟ್ಟಿಯನ್ನು ಕಟಕಟ ಎನ್ನಿಸುತ್ತ, ಶೇಂಗಾ ಚಟ್ನಿಯ ಖಾರಕ್ಕೆ ಕಣ್ಣೀರು ಸುರಿಸುತ್ತ ಮೂರು ರೊಟ್ಟಿ ತಿಂದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಹಾಕಲೇ, ಸಾಕು, ಇನ್ನೊಂದು, ಇಷ್ಟಕ್ಕೆ ಭಾಷೆ ಬೇಕಾಗಲಿಲ್ಲ.

ಅಂಕಲ್ ತಿರುಗಿ ರೈಲು ಹತ್ತಿದ ಮೇಲೆ ನೀಲವ್ವ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡರು. ಈಗ ಬೈಯುತ್ತಾರೆ ಎಂದುಕೊಂಡೆ.

"ನೀನೂ ನಮ್ಮ ಪೈಕಿನ ಅಲ್ಲೇನವ್ವ, ಗದಗಿನಾಕಿ?"

"ಹೌದ್ರಿ ಅವ್ವಾರ."

"ನಿಂದು ಎಲ್ಲೈತಿ?"

ನಾನು ತಲೆ ತಗ್ಗಿಸಿದೆ. "ಮನ್ಯಾಗ, ಕಪಾಟಿನಾಗ ಐತ್ರಿ. ಈ ಕೆಲಸಕ್ಕ ಸೇರಿದಾಗ ತಗದಿಟ್ಟೆ. ಎಲ್ಲಿ ಹೋದ್ರೂ ಬೀಪ್ ಅಂತಿತ್ತು. ಪ್ರತಿ ಸಲ ನಿಂತು ತೋರಸಬೇಕು, ಹೇಳಬೇಕು, ಟ್ರೇನ್ ತಪ್ಪತೈತಿ ಅಂತ..."

ಅವರು ನನ್ನ ಕೈ ಮೇಲೆ ಕೈ ಇಟ್ಟರು. ಬೈಯಲಿಲ್ಲ.

"ಅದಕ್ಕ ನಿನ್ನೆ ನಿನಗ ಬಿಚ್ಚು ಅನ್ನೋದು ಅಷ್ಟು ಸಸಾರ ಆತು."

ಆ ಪ್ರವಾಸ ಮುಗಿಸಿ ಮನೆಗೆ ಬಂದ ದಿನ ಸ್ನಾನ ಮಾಡಿ ಕಪಾಟು ತೆರೆದೆ. ಅದಾದಮೇಲೆ ಒಂಬತ್ತು ವರ್ಷ ಇದೇ ಕೆಲಸ ಮಾಡಿದೆ. ಹೋದ ಪ್ರತಿ ಸ್ಟೇಷನ್ನಿನಲ್ಲೂ ನನ್ನ ಕೊರಳು ಬೀಪ್ ಎಂದಿದೆ. ನಿಂತಿದ್ದೇನೆ, ಕೋಣೆ ಕೇಳಿದ್ದೇನೆ, ತೋರಿಸಿದ್ದೇನೆ, ಇದೇನು ಎಂದು ಕೇಳಿದ ಪ್ರತಿ ಹುಡುಗಿಗೂ ಬಿಡಿಸಿ ಹೇಳಿದ್ದೇನೆ. ಒಂದೇ ಒಂದು ರೈಲೂ ತಪ್ಪಲಿಲ್ಲ.